ತಿರುಗಿದ ಹೆಜ್ಜೆ

ಪಾದ ಒಳಗೆ ತಿರುಗಿಸಿಕೊಂಡು, ತನ್ನ ಕಾಲಿಗೆ ತಾನೇ ಎಡವುತ್ತ ಓಡುವ ಮಗು ಕಮಲಾಪುರದ ನಮ್ಮ ಶಾಲೆಯಲ್ಲಿ ವರ್ಷಕ್ಕೊಂದಾದರೂ ಇರುತ್ತದೆ. ಇಲ್ಲಿ ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲೂ ತಾಯಂದಿರು ಕೇಳುತ್ತಾರೆ: "ಟೀಚರ್ರೀ, ಎಣ್ಣಿ ಹಚ್ಚಿ ತಿಕ್ಕಿದ್ರ ನೆಟ್ಟಗ ಆಗ್ತದೇನ್ರಿ?"

ಹೆಚ್ಚಿನ ಮಕ್ಕಳಿಗೆ ಎಂಟು ಹತ್ತು ವರ್ಷದೊಳಗೆ ಎಣ್ಣೆಯಿಲ್ಲದೆಯೇ ನೆಟ್ಟಗಾಗುತ್ತದೆ. ಕೆಲವರಿಗೆ ಆಗುವುದಿಲ್ಲ. ಮೊಣಕಾಲ ಚಿಪ್ಪು ಮುಂದೆ ನೋಡುತ್ತಿದ್ದು ಪಾದ ಮಾತ್ರ ಒಳಗೆ ತಿರುಗಿದ್ದರೆ, ಸಾಮಾನ್ಯವಾಗಿ ಮೊಣಕಾಲ ಕೆಳಗಿನ ಎಲುಬು ತಿರುಚಿಕೊಂಡಿರುತ್ತದೆ. ಚಿಪ್ಪೂ ಒಳಗೆ ತಿರುಗಿದ್ದರೆ ತೊಡೆಯ ಎಲುಬು.

ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಹದಿಮೂರಾದರೂ ಕಾಲು ಹಾಗೆಯೇ ಇತ್ತು. ತಾಯಿಗೆ ವರನ ಚಿಂತೆ. ಹುಡುಗಿಗೆ ಖೊಖೊ ಚಿಂತೆ. ಕೊನೆಗೆ ವೈದ್ಯರು ಮೊಣಕಾಲ ಕೆಳಗಿನ ಎಲುಬನ್ನು ಕತ್ತರಿಸಿ, ಕಾಲ ಸುತ್ತ ಬಳೆಯಂಥ ಲೋಹದ ಉಂಗುರ ಹಾಕಿ, ಎಲುಬಿನಲ್ಲಿ ತೆಳುವಾದ ತಂತಿ ತೂರಿಸಿ ಬಿಗಿದರು.

ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಡಾ. ಇಲಿಝಾರೋವ್ 1950ರ ದಶಕದಲ್ಲಿ ಬೆಳೆಸಿದ ವಿಧಾನವಿದು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರೂಮೆಲ್‌ನ ಕಾಲು ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ನುಚ್ಚಾಗಿತ್ತು. 1968ರಲ್ಲಿ ಅದನ್ನು ಸರಿಪಡಿಸಿದವರೂ ಇವರೇ. ಆತ ಮತ್ತೆ ಜಿಗಿದ.

ಇದರ ಗುಟ್ಟು ನಿಧಾನ. ಕತ್ತರಿಸಿದ ಎಲುಬನ್ನು ಕೆಲವು ದಿನ ಬಿಟ್ಟು, ಮೆಲ್ಲಗೆ ಸರಿಸಬೇಕು. ಉದ್ದ ಮಾಡುವುದಾದರೆ ದಿನಕ್ಕೆ 1 ಮಿಲಿಮೀಟರ್, ಅದೂ ನಾಲ್ಕು ಕಂತಿನಲ್ಲಿ. ಸೊಟ್ಟ ತೆಗೆಯುವುದಾದರೆ ಒಂದು ಉಂಗುರವನ್ನು ಇನ್ನೊಂದರ ಮೇಲೆ ಚೂರುಚೂರೇ ತಿರುಗಿಸಬೇಕು. ಬಿಟ್ಟ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ. ನಟ್ಟು ತಿರುಗಿಸುವ ಕೆಲಸ ಮನೆಯವರದು. ಕುಂಕುಮ ಹಚ್ಚುವ ಬೆರಳಲ್ಲಿ ಆ ತಾಯಿ ಪಾನಾ ಹಿಡಿದಳು. ತಂತಿ ಹೊಕ್ಕ ಜಾಗದಲ್ಲಿ ಕೀವಾಗದಂತೆ ದಿನವೂ ಒರೆಸಿದಳು. ಮೊದಮೊದಲು ಮಗಳು ಅತ್ತರೆ ತಾನೂ ಅಳುತ್ತಿದ್ದಳು. ಆಮೇಲೆ ಮಗ್ಗಿ ಹೇಳಿಸುತ್ತ ತಿರುಗಿಸಿದಳು.

ತಂದೆ ಮಾತ್ರ ಈ ವರ್ಷ ಶಾಲೆ ಬೇಡವೆಂದ. "ಯಂತ್ರ ಕಾಲಿಗಿ ಹಾಕ್ಯಾರಣ್ಣ, ಪುಸ್ತಕಕ್ಕಲ್ಲ" ಅಂದೆ. ವೈದ್ಯರೇ ಕಾಲೂರಿ ನಡೆಸಿರಿ ಎಂದಿದ್ದರು. ಕೋಲು ಹಿಡಿದು ಬಂದಳು. ಮಕ್ಕಳು ಎರಡು ದಿನ ಬೆರಗಿನಿಂದ ನೋಡಿದರು; ಮೂರನೆಯ ದಿನ ಚೀಲ ಹೊರಲು ಜಗಳವಾಡಿದರು.

ತಿಂಗಳುಗಳ ಮೇಲೆ ಉಂಗುರ ಬಿಚ್ಚಿದರು. ತಂತಿಯ ಕಲೆಗಳು ಉಳಿದಿವೆ. "ಈ ಕಲಿ ಹೋಗಂಗಿಲ್ಲೇನ್ರಿ ಟೀಚರ್?" ಎಂದು ತಾಯಿ ಈಗಲೂ ಕೇಳುತ್ತಾಳೆ. ಮಗಳಿಗೆ ಖೊಖೊ ಬಿಟ್ಟು ಕಲೆ ನೋಡಿಕೊಳ್ಳಲು ಪುರುಸೊತ್ತಿಲ್ಲ.