‘ಪುಸ್ತಕದಲ್ಲಿದ್ದ ಹಾಗೆ ಇಲ್ಲ, ಸಾರ್!’

ಕಥೆ ಓದಿದ ಮೇಲೆ ಅದರ ಸಿನಿಮಾ ನೋಡಿದವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಪುಸ್ತಕದಲ್ಲಿದ್ದ ಹಾಗೆ ಇಲ್ಲ ಬಿಡಿ.’ ನಮಗೇನೂ ಇದು ಹೊಸ ಜಗಳವಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ತೆಗೆದಾಗ ನಾಡೆಲ್ಲ ಮೆಚ್ಚಿತು; ಕಾದಂಬರಿಕಾರರಿಗೆ ಮಾತ್ರ ಸಮಾಧಾನವಾಗಲಿಲ್ಲ. ಆದರೂ ಅಲ್ಲೊಂದು ಅನುಕೂಲವಿತ್ತು. ಓದುಗರ ಮನಸ್ಸಿನಲ್ಲಿ ರಾಮಾಚಾರಿಯ ಮುಖ ಒಬ್ಬೊಬ್ಬರಿಗೆ ಒಂದೊಂದು ಥರ. ಚಿತ್ರಕಾದಂಬರಿಯಲ್ಲಿ ಹಾಗಲ್ಲ. ನಾಯಕಿಯ ಮೂಗು, ಅಂಗಿ, ನಿಂತ ಭಂಗಿ ಎಲ್ಲವೂ ಪುಟದ ಮೇಲೇ ಇರುತ್ತವೆ. ಸಿನಿಮಾದವರು ಒಂದು ಗುಂಡಿ ಬದಲಿಸಿದರೂ ಮಕ್ಕಳ ಕಣ್ಣಿಗೆ ಬೀಳುತ್ತದೆ.

ವಿಜ್ಞಾನ ಪಾಠ ಮಾಡುವ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳಬಹುದು. ಕಾರಣ, ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳು ಜಪಾನಿನ ಹಯಾಓ ಮಿಯಾಜಾಕಿಯವರ ಸಿನಿಮಾ ನೋಡಿದ್ದಳು. ‘ಗಾಳಿ ಕಣಿವೆಯ ನೌಸಿಕಾ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಮಹಾಯುದ್ಧವೊಂದು ಭೂಮಿಯನ್ನು ಸುಟ್ಟು ಸಾವಿರ ವರ್ಷವಾಗಿದೆ. ವಿಷಗಾಳಿ ಬಿಡುವ ಕಾಡು, ಅದರಲ್ಲಿ ಓಮು ಎಂಬ ದೈತ್ಯ ಕೀಟಗಳು. ಎಲ್ಲರೂ ಕಾಡನ್ನು ಸುಡಬೇಕೆನ್ನುವಾಗ ನೌಸಿಕಾ ಎಂಬ ರಾಜಕುಮಾರಿ ಅದೇ ಗಿಡಗಳನ್ನು ಗುಟ್ಟಾಗಿ ಶುದ್ಧ ಮಣ್ಣು, ಶುದ್ಧ ನೀರಿನಲ್ಲಿ ಬೆಳೆಸಿ ನೋಡುತ್ತಾಳೆ. ಅವು ವಿಷ ಬಿಡುವುದಿಲ್ಲ! ದೋಷ ಗಿಡದ್ದಲ್ಲ, ಮಣ್ಣಿನದು. ಕಾಡು ಆ ಮಣ್ಣನ್ನು ಶುದ್ಧಿ ಮಾಡುತ್ತಿದೆ. ಇಷ್ಟು ಚೊಕ್ಕವಾದ ಪ್ರಯೋಗ ನಮ್ಮ ಪಠ್ಯಪುಸ್ತಕದಲ್ಲೂ ಅಪರೂಪ.

ಈ ಹುಡುಗಿ ನಮ್ಮೂರ ಕೆರೆಯ ಮೇಲೆ ಪ್ರಬಂಧ ಬರೆದಳು. ಚರಂಡಿ ನೀರು ತುಂಬಿ ನಾರುವ ಕೆರೆ ಅದು. ‘ಮನುಷ್ಯ ಸುಮ್ಮನಿದ್ದರೆ ಸಾಕು, ಪ್ರಕೃತಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ’ ಎಂದು ಮುಗಿಸಿದ್ದಳು. ಕೆಲವು ತಿಂಗಳ ಬಳಿಕ ಅವಳ ಕೈಗೆ ಇದೇ ಕಥೆಯ ಏಳು ಸಂಪುಟಗಳ ಚಿತ್ರಕಾದಂಬರಿ ಇಂಗ್ಲಿಷಿನಲ್ಲಿ ಸಿಕ್ಕಿತು. ಓದಿ ಮುಗಿಸಿದವಳು ಸಪ್ಪೆ ಮುಖ ಹೊತ್ತು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. “ಪುಸ್ತಕದಲ್ಲಿ ಬೇರೇನೇ ಇದೆ ಸಾರ್. ನಾನು ಬರೆದದ್ದೆಲ್ಲ ಸುಳ್ಳಾ?”

ಬೇರೆ ಇರುವುದು ನಿಜ. ಪುಸ್ತಕದ ಕೊನೆಗೆ ತಿಳಿಯುವುದೇನೆಂದರೆ, ಆ ಕಾಡು ಪ್ರಕೃತಿಯ ವರವಲ್ಲ. ಭೂಮಿಯನ್ನು ಶುದ್ಧಿ ಮಾಡಲೆಂದು ಹಿಂದಿನ ಮನುಷ್ಯರೇ ಸೃಷ್ಟಿಸಿಟ್ಟದ್ದು. ಅಷ್ಟೇ ಅಲ್ಲ, ವಿಷಕ್ಕೆ ಒಗ್ಗುವಂತೆ ಮಾರ್ಪಟ್ಟ ಈಗಿನ ಮನುಷ್ಯರು ಶುದ್ಧ ಗಾಳಿಯಲ್ಲಿ ಬದುಕಲಾರರು! ಸಿನಿಮಾದಲ್ಲಿ ಇದರ ಸುಳಿವೇ ಇಲ್ಲ.

ಹಾಗಾದರೆ ಸಿನಿಮಾ ಪುಸ್ತಕಕ್ಕೆ ಮೋಸ ಮಾಡಿತೇ? ಇಲ್ಲೊಂದು ಸ್ವಾರಸ್ಯವಿದೆ. ಪುಸ್ತಕ ಬರೆದವರೂ ಸಿನಿಮಾ ನಿರ್ದೇಶಿಸಿದವರೂ ಒಬ್ಬರೇ. ಪತ್ರಿಕೆಯಲ್ಲಿ ಧಾರಾವಾಹಿ ಶುರುವಾದದ್ದು 1982ರಲ್ಲಿ, ಸಿನಿಮಾ ಬಂದದ್ದು 1984ರಲ್ಲಿ, ಧಾರಾವಾಹಿ ಮುಗಿದದ್ದು 1994ರಲ್ಲಿ. ಅಂದರೆ ಸಿನಿಮಾ ತೆಗೆಯುವಾಗ ಪುಸ್ತಕದ ಕೊನೆ ಹುಟ್ಟಿಯೇ ಇರಲಿಲ್ಲ. ಇಲ್ಲದ ಪುಟಕ್ಕೆ ನಿಷ್ಠರಾಗಿರುವುದು ಹೇಗೆ?

ನಿಜವಾದ ಮೋಸ ಬೇರೆ ಕಡೆ ನಡೆಯಿತು. 1985ರಲ್ಲಿ ಅಮೆರಿಕದ ವಿತರಕರು ಈ ಸಿನಿಮಾವನ್ನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕತ್ತರಿಸಿ, ‘ವಾರಿಯರ್ಸ್ ಆಫ್ ದಿ ವಿಂಡ್’ ಎಂದು ಹೆಸರಿಟ್ಟು, ನೌಸಿಕಾಳನ್ನು ಜಾಂಡ್ರಾ ಮಾಡಿ ತೋರಿಸಿದರು. ಉಳಿದ ದೃಶ್ಯಗಳ ಚಿತ್ರಗಳೆಲ್ಲ ಮಿಯಾಜಾಕಿಯವರವೇ. ಆದರೆ ಪರಿಸರದ ಮಾತು ಮಸುಕಾಗಿ, ಕೀಟಗಳು ಬರೀ ಕಾದಾಡುವ ಶತ್ರುಗಳಾದವು. ಗೆರೆ ಉಳಿಯಿತು, ಜೀವ ಹೋಯಿತು. ಮುಂದೆ ಮಿಯಾಜಾಕಿಯವರ ಸಂಸ್ಥೆ ತನ್ನ ಚಿತ್ರಗಳಿಗೆ ಹೊರದೇಶದಲ್ಲಿ ಕತ್ತರಿ ಹಾಕಕೂಡದೆಂದು ಪಟ್ಟು ಹಿಡಿದದ್ದು ಈ ಪೆಟ್ಟು ತಿಂದ ಮೇಲೆಯೇ.

ನನಗೆ ಇಲ್ಲಿ ನೆನಪಾಗುವುದು ಭೂಪಟ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಇಳಿಸುವಾಗ ಏನಾದರೊಂದು ಕೆಡಲೇಬೇಕು. 1569ರಲ್ಲಿ ಮರ್ಕೇಟರ್ ಮಾಡಿದ ಭೂಪಟದಲ್ಲಿ ಗ್ರೀನ್‌ಲ್ಯಾಂಡು ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಆದರೂ ನಾವಿಕರು ಅದನ್ನು ಕಣ್ಣಿಗೊತ್ತಿಕೊಂಡರು. ಏಕೆಂದರೆ ಅವರಿಗೆ ಬೇಕಾಗಿದ್ದ ದಿಕ್ಕು ಅದರಲ್ಲಿ ಸರಿಯಾಗಿತ್ತು. ಪುಸ್ತಕ ಸಿನಿಮಾ ಆಗುವುದೂ ಹೀಗೆಯೇ. ಕಥೆ ಎರಡು ಗಂಟೆಗೆ ಇಳಿಯುವಾಗ ವಿಸ್ತಾರ ಕೆಡಲಿ, ದಿಕ್ಕು ಕೆಡಬಾರದು. ನೌಸಿಕಾ ಸಿನಿಮಾ ಪಾತ್ರಗಳನ್ನು ಬಿಟ್ಟಿತು, ಯುದ್ಧಗಳನ್ನು ಬಿಟ್ಟಿತು. ಆದರೆ ಆ ಗುಟ್ಟಿನ ಕೋಣೆಯ ಪ್ರಯೋಗವನ್ನು ಬಿಡಲಿಲ್ಲ. ಭಯಪಡುವ ಮುನ್ನ ಪರೀಕ್ಷಿಸಿ ನೋಡು ಎಂಬ ದಿಕ್ಕು ಎರಡರಲ್ಲೂ ಒಂದೇ.

ಆ ಹುಡುಗಿಗೆ ಇಷ್ಟನ್ನು ಹೇಳಿ ಕೆರೆಯ ವಿಷಯಕ್ಕೆ ಬಂದೆ. ಕೆರೆಯ ಅಂತರಗಂಗೆ ಕೊಳೆಯನ್ನು ಹೀರುವುದು ನಿಜ. ಆದರೆ ಅಲ್ಲೇ ಸತ್ತು ಕೊಳೆತರೆ, ಹೀರಿದ್ದನ್ನೆಲ್ಲ ಕೆರೆಗೇ ವಾಪಸು ಕೊಡುತ್ತದೆ. ಚರಂಡಿಯನ್ನು ನಿಲ್ಲಿಸದೆ ಗಿಡದ ಮೇಲೆ ಭಾರ ಹಾಕಿ ಕೂರುವಂತಿಲ್ಲ. “ನಿನ್ನ ಪ್ರಬಂಧ ಸುಳ್ಳಲ್ಲಮ್ಮ, ಅರ್ಧ. ಮಿಯಾಜಾಕಿಯವರಿಗೇ ಉಳಿದರ್ಧಕ್ಕೆ ಹತ್ತು ವರ್ಷ ಬೇಕಾಯಿತು” ಎಂದೆ. ಅವಳು ನಗಲಿಲ್ಲ, ಪ್ರಬಂಧವನ್ನು ವಾಪಸು ಇಸಿದುಕೊಂಡು ಹೋದಳು.

ತಂದೆತಾಯಂದಿರಲ್ಲಿ ನನ್ನದೊಂದು ಅರಿಕೆ. ‘ಸಿನಿಮಾ ನೋಡಿಯಾಯಿತಲ್ಲ, ಇನ್ನು ಆ ಬೊಂಬೆ ಪುಸ್ತಕ ಯಾಕೆ’ ಎನ್ನಬೇಡಿ. ಸಿನಿಮಾ ಯಾರಿಗೂ ಕಾಯದೆ ತನ್ನ ಪಾಡಿಗೆ ಓಡುತ್ತದೆ. ಪುಟ ಮಾತ್ರ ಓದುವ ಮಗುವಿಗಾಗಿ ಕಾಯುತ್ತದೆ. ಎರಡೂ ಆದ ಮೇಲೆ ಮಕ್ಕಳ ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: ಏನನ್ನು ಬಿಟ್ಟರು, ಯಾಕೆ ಬಿಟ್ಟರು? ಯಾವ ಗೈಡಿನಲ್ಲೂ ಅದಕ್ಕೆ ಉತ್ತರ ಸಿಗದು. ಅವರೇ ಯೋಚಿಸಬೇಕು.