ಐದನೆಯ ಸೂತಕ

ಶರಣಧರ್ಮವು ಸೂತಕವನ್ನು ಒಪ್ಪುವುದಿಲ್ಲ. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಪಂಚಸೂತಕಗಳು ಅಂಗದ ಮೇಲೆ ಲಿಂಗವನ್ನು ಧರಿಸಿದ ಭಕ್ತರಿಗೆ ಇಲ್ಲವೆಂದು ಬಸವಾದಿ ಪ್ರಮಥರು ಸಾರಿದರು. ಇದು ಭಕ್ತರೆಲ್ಲರೂ ಬಲ್ಲ ಮಾತು, ಶ್ರಾವಣದ ಪ್ರವಚನಗಳಲ್ಲಿ ವರ್ಷ ವರ್ಷವೂ ಕೇಳುವ ಮಾತು. ಆದರೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಈ ಐದನ್ನು ಬಿಡುವುದಕ್ಕೆ ಒಂದು ಬದುಕು ಸಾಲುತ್ತದೆಯೇ? ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಬಾಳಿ, ತಮ್ಮ 97ನೆಯ ವಯಸ್ಸಿನಲ್ಲಿ, 2019ರಲ್ಲಿ ಲಿಂಗೈಕ್ಯರಾದ ಒಬ್ಬ ಅಜ್ಜಿಯ ಜೀವನವನ್ನು ನೆನೆಯುವಾಗ ಈ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಓಣಿಯ ಜನ ಅವರನ್ನು ಕರೆಯುತ್ತಿದ್ದುದು ‘ಮಗ್ಗದ ಆಯಿ’ ಎಂದು.

ಆಯಿ ಹುಟ್ಟಿದ್ದು 1922ರಲ್ಲಿ, ಅಮೀನಗಡದ ಒಂದು ಬಡ ಮನೆತನದಲ್ಲಿ. 14ನೆಯ ವಯಸ್ಸಿಗೆ ಗುಳೇದಗುಡ್ಡಕ್ಕೆ ಸೊಸೆಯಾಗಿ ಬಂದರು. ಆಗ ಊರು ಬಿಜಾಪುರ ಜಿಲ್ಲೆಯಲ್ಲಿತ್ತು, ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು. 1956ರಲ್ಲಿ ಕನ್ನಡ ನಾಡು ಒಂದಾಯಿತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಆಯಿ ಮಾತ್ರ ಅದೇ ಮನೆಯ ಅದೇ ಪಡಸಾಲೆಯಲ್ಲಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಲೇ ಇದ್ದರು. ಗುಳೇದಗುಡ್ಡವೆಂದರೆ ಖಣ. ಇಳಕಲ್ಲ ಸೀರೆಯ ಮೇಲೆ ತೊಡುವ ಕುಪ್ಪಸಕ್ಕೆ ಆ ಊರಿನ ಖಣವೇ ಬೇಕೆಂಬ ಕಾಲವೊಂದಿತ್ತು. ತೇರು, ಆನೆಹೆಜ್ಜೆ, ತುಳಸಿಪಾನ ಮುಂತಾದ ಹೆಸರಿನ ಬುಟ್ಟಾಗಳು ಮನೆಮನೆಯ ಮಗ್ಗದಲ್ಲಿ ಮೂಡುತ್ತಿದ್ದವು. ಗಂಡಸರು ಕುಣಿಮಗ್ಗಕ್ಕೆ ಇಳಿಯುವುದು, ಹೆಂಗಸರು ನೂಲನ್ನು ಅಣಿಗೊಳಿಸುವುದು ಆ ಮನೆಯ ರೂಢಿಯಾಗಿತ್ತು. 1962ರಲ್ಲಿ ಪತಿಯು ಲಿಂಗೈಕ್ಯರಾದಾಗ ಆಯಿಗೆ 40 ವರ್ಷ, ಐದು ಜನ ಮಕ್ಕಳು. ಮೂರನೆಯ ದಿನ ಬೆಳಿಗ್ಗೆ ಅವರೇ ಮಗ್ಗದ ಕುಣಿಗೆ ಕಾಲಿಳಿಸಿದರು. ಮಗ್ಗದ ಆಯಿ ಎಂಬ ಹೆಸರು ಬಂದದ್ದು ಅಲ್ಲಿಂದ.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಡಾ. ಫ.ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ, ಅಂದರೆ ಆಯಿ ಇನ್ನೂ ಒಂದು ವರ್ಷದ ಕೂಸಾಗಿದ್ದಾಗ. ಆ ಗ್ರಂಥದ ಹೆಸರನ್ನು ಅವರು ಕೇಳಿದ್ದು ಬಹಳ ತಡವಾಗಿ. ಅವರ ವಚನಜ್ಞಾನವೆಲ್ಲ ಕಿವಿಯಿಂದ ಬಂದದ್ದು: ಮಠದ ಪ್ರವಚನ, ಓಣಿಯ ಭಜನೆ, ಆಮೇಲೆ ಧಾರವಾಡ ಆಕಾಶವಾಣಿ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡುವಾಗ ಮಗ್ಗವನ್ನು ನಿಲ್ಲಿಸುತ್ತಿದ್ದರು. ದುಡಿಮೆಯ ಹೊತ್ತಿನಲ್ಲಿ ಅವರು ಮಗ್ಗ ನಿಲ್ಲಿಸುತ್ತಿದ್ದುದು ಅದೊಂದಕ್ಕೇ ಎಂದು ಮಕ್ಕಳು ಹೇಳುತ್ತಾರೆ. ಕೇಳಿದ್ದನ್ನು ತಮ್ಮದೇ ರೀತಿಯಲ್ಲಿ ಅಳೆದು ನೋಡುವ ಗುಣ ಅವರಲ್ಲಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ಕೇಳಿ ಬಂದ ಮೇಲೆ ಅವರು ಆಡಿದ ಮಾತು ಓಣಿಯಲ್ಲಿ ಇಂದಿಗೂ ಉಳಿದಿದೆ: “ತಿರುಗಿ ಕಳಿಸಿದ್ದು ದೊಡ್ಡದೇ. ಆದರ ದಿನಾ ಎಷ್ಟು ಬೇಕಂತ ಆಕಿಗೆ ಲೆಕ್ಕ ಇತ್ತಲ್ಲ, ಅದು ಅದಕ್ಕಿಂತ ದೊಡ್ಡದು.” ದೊಡ್ಡ ದೊಡ್ಡ ವ್ಯಾಖ್ಯಾನಗಳಿಗೂ ಸಿಗದ ಸೂಕ್ಷ್ಮವಿದು. ನೂಲನ್ನು ಎಣಿಸಿ ಬಾಳಿದವರಿಗೆ ಮಾತ್ರ ಸಿಗುವಂಥದ್ದು.

ಮೊದಲ ನಾಲ್ಕು ಸೂತಕಗಳನ್ನು ಬಿಡುವುದರಲ್ಲಿ ಆಯಿಗೆ ತೊಡಕಾಗಲಿಲ್ಲ. ಹೆರಿಗೆಯಾದ ದಿನವೂ ಅವರ ಇಷ್ಟಲಿಂಗಪೂಜೆ ತಪ್ಪಲಿಲ್ಲ. ಪತಿಯ ಕ್ರಿಯಾಸಮಾಧಿ ಮುಗಿಸಿ ಬಂದ ಸಂಜೆ ವಿಭೂತಿ ಧರಿಸಿ, ಕರಸ್ಥಲದಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತದ್ದನ್ನು ಕಂಡು ಬಂಧುಗಳು ಗುಸುಗುಸು ಮಾತಾಡಿಕೊಂಡರು. ಅವರು ಕಣ್ಣು ತೆರೆಯಲಿಲ್ಲ. ಹೆಣ್ಣುಮಕ್ಕಳು ದೊಡ್ಡವರಾದಾಗ ಅತ್ತೆಯವರು ಮೂರು ದಿನ ಹೊರಗೆ ಕೂರಿಸಬೇಕೆಂದರು. “ಕೊರಳಾಗ ಲಿಂಗ ಕಟ್ಟಿದ ಮ್ಯಾಲ ಹೊರಗ ಯಾವುದು, ಒಳಗ ಯಾವುದು?” ಎಂದು ಸೊಸೆ ಕೇಳಿದ್ದು ಆ ಮನೆಯಲ್ಲಿ ಅವರು ಹಿರಿಯರಿಗೆ ಎದುರಾಡಿದ ಒಂದೇ ಮಾತು. ಇನ್ನು ಎಂಜಲಿನ ವಿಷಯವನ್ನು ಹೇಳುವುದೇ ಬೇಡ. ಬಡತನದ ಮನೆಯಲ್ಲಿ ಐದು ಮಕ್ಕಳ ಗಂಗಾಳಗಳಲ್ಲಿ ಉಳಿದದ್ದೇ ಎಷ್ಟೋ ದಿನ ಅವರ ಪ್ರಸಾದವಾಗಿತ್ತು.

1972ರ ಬರಗಾಲದಲ್ಲಿ ನೂಲು ಸಿಗದೆ ಮಗ್ಗಗಳು ನಿಂತವು. ನಿತ್ಯವೂ ಮಠದ ದಾಸೋಹಕ್ಕೆಂದು ಒಂದು ಹಿಡಿ ಜೋಳವನ್ನು ಗಡಿಗೆಯಲ್ಲಿ ಹಾಕಿಡುವ ನೇಮ ಆ ವರ್ಷ ಅರ್ಧ ಹಿಡಿಗೆ ಇಳಿಯಿತು. ನಿಲ್ಲಲಿಲ್ಲ.

ಐದನೆಯದು ಹಾಗಲ್ಲ.

ಆಯಿಯ ಐದೂ ಹೆರಿಗೆಗಳನ್ನು ಮಾಡಿಸಿದವಳು ಊರಾಚೆಯ ಕೇರಿಯ ಒಬ್ಬ ಸೂಲಗಿತ್ತಿ. 1940ರಲ್ಲಿ ಹುಟ್ಟಿದ ಹಿರಿಯ ಮಗನಿಂದ ಹಿಡಿದು ಕೊನೆಯ ಮಗಳವರೆಗೆ ಎಲ್ಲರನ್ನೂ ಈ ಲೋಕದಲ್ಲಿ ಮೊದಲು ಮುಟ್ಟಿದ ಕೈಗಳು ಅವಳವು. ಹೆರಿಗೆಯ ಕೋಣೆಯಲ್ಲಿ ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಕೂಸಿಗೆ ನೀರೆರೆದು ಕೊಟ್ಟು ಹೊರಬಿದ್ದಳೆಂದರೆ ಅವಳ ಸ್ಥಾನ ಹಿತ್ತಲ ಬಾಗಿಲಿನ ಆಚೆಗೆ. ಅಲ್ಲಿ ಗೋಡೆಯ ಗೂಡಿನಲ್ಲಿ ಹಿಡಿಕೆ ಮುರಿದ ಒಂದು ಕಪ್ಪು–ಬಸಿ ಇತ್ತು. ಚಹಾ ಕುಡಿದ ಮೇಲೆ ಅದನ್ನು ಅವಳೇ ತೊಳೆದು, ಬೋರಲು ಹಾಕಿ, ಅದೇ ಗೂಡಿನಲ್ಲಿ ಇಟ್ಟು ಹೋಗಬೇಕಾಗಿತ್ತು.

ಭಕ್ತರ ಮನೆಗಳಲ್ಲಿ ಇಂಥ ಗೂಡುಗಳಿದ್ದವು ಎಂಬುದನ್ನು ಮರೆಮಾಚುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಲಿಂಗೈಕ್ಯರಾದವರನ್ನು ಸ್ಮರಿಸುವಾಗ ಗುಣಗಳನ್ನಷ್ಟೇ ಎಣಿಸುವುದು ಲೋಕರೂಢಿ. ಆದರೆ ಆ ಗೂಡನ್ನು ಬಿಟ್ಟು ಹೇಳಿದರೆ ಈ ಆಯಿಯ ಕಥೆಯಲ್ಲಿ ಮುಖ್ಯವಾದುದೇ ಬಿಟ್ಟುಹೋಗುತ್ತದೆ. ಪ್ರತಿ ಶ್ರಾವಣದಲ್ಲಿ ಅವರು ಹರಳಯ್ಯನವರ ಚರಿತ್ರೆಯನ್ನು ಕೇಳುತ್ತಿದ್ದರು. ಹರಳಯ್ಯನ ಒಂದು ಶರಣಿಗೆ ಬಸವಣ್ಣನವರು ಶರಣು ಶರಣಾರ್ಥಿ ಎಂದು ಎರಡಾಗಿ ಮರಳಿಸಿದ್ದು, ಆ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದದ್ದು, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾದುದಕ್ಕಾಗಿ ಕಲ್ಯಾಣವು ರಕ್ತದಲ್ಲಿ ನೆನೆದದ್ದು — ಇವೆಲ್ಲವನ್ನೂ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಮನೆಗೆ ಬರುತ್ತಿದ್ದರು. ಕಣ್ಣೀರು ನಿಜವಾದುದೇ. ಗೂಡಿನಲ್ಲಿದ್ದ ಕಪ್ಪೂ ನಿಜವಾದುದೇ. ಐವತ್ತಕ್ಕೂ ಹೆಚ್ಚು ಶ್ರಾವಣಗಳು ಹೀಗೆಯೇ ಕಳೆದವು. ಉಳಿದ ನಾಲ್ಕು ಸೂತಕಗಳು ತನ್ನನ್ನು ಕಟ್ಟಿಹಾಕುವಂಥವು, ಆದ್ದರಿಂದ ಬಿಡುವುದು ಬಿಡುಗಡೆಯಾಗಿತ್ತು. ಐದನೆಯದು ಮತ್ತೊಬ್ಬರನ್ನು ಕಟ್ಟಿಹಾಕುವಂಥದ್ದು. ಅದರ ಭಾರ ಹೊತ್ತವಳು ಆಯಿಯಲ್ಲ, ಹಿತ್ತಲಲ್ಲಿ ನಿಂತವಳು. ಹೊರದವರಿಗೆ ಭಾರ ತಿಳಿಯುವುದು ಹೇಗೆ?

1994ರಲ್ಲಿ ಒಂದು ದಿನ ಬೆಕ್ಕು ಹಾರಿ ಆ ಕಪ್ಪನ್ನು ಕೆಡವಿತು. ಚೂರುಗಳನ್ನು ಗುಡಿಸಿ ತಿಪ್ಪೆಗೆ ಹಾಕಿದರು. ಎರಡು ದಿನ ಕಳೆದು ಸೂಲಗಿತ್ತಿ ಬಂದಳು. ಅವಳಿಗೂ ಮುಪ್ಪು, ಹೆರಿಗೆಗಳೆಲ್ಲ ಆಸ್ಪತ್ರೆಗೆ ಸೇರಿ ಎಷ್ಟೋ ವರ್ಷಗಳಾಗಿದ್ದವು. ಹಳೆಯ ಬಳಕೆಗೆಂದು ಬಂದು ಕೂತು ಹೋಗುವುದಷ್ಟೇ ಉಳಿದಿತ್ತು. ಆಯಿ ತಾವು ಕುಡಿಯುವ ಸ್ಟೀಲಿನ ಲೋಟದಲ್ಲಿ ಚಹಾ ತಂದು ಮುಂದಿಟ್ಟರು. ಅವಳು ಲೋಟವನ್ನು ನೋಡಿದಳು, ಬರಿದಾದ ಗೂಡನ್ನು ನೋಡಿದಳು, ಮುಟ್ಟಲಿಲ್ಲ. ಚಹಾ ಆರಿತು. ಆಯಿ ಅದನ್ನು ಒಳಗೆ ಒಯ್ದು ಬಿಸಿ ಮಾಡಿ, ಅದೇ ಲೋಟಕ್ಕೆ ಬಗ್ಗಿಸಿ, ಮತ್ತೆ ತಂದರು. ಆಗ ಅವಳು ಕುಡಿದಳು. ಕುಡಿದು, ಲೋಟವನ್ನು ತೊಳೆಯದೆ ಹಾಗೆಯೇ ಕೆಳಗಿಟ್ಟು, “ಐವತ್ತು ವರ್ಷ ತಡ ಆತಲ್ಲವ್ವಾ” ಎಂದಳು. ಆಯಿ ಉತ್ತರ ಕೊಡಲಿಲ್ಲ. ಲೋಟವನ್ನು ಎತ್ತಿಕೊಂಡು ಒಳಗೆ ಹೋದರು, ತಾವೇ ತೊಳೆದರು.

ವಚನದ ಬೆಳಕಿನಲ್ಲಿ ಆಯಿಯ ಅಂತರಂಗ ಅಂದು ಥಟ್ಟನೆ ತೆರೆಯಿತು ಎಂದು ಬರೆಯಲು ಕೈ ಹಾತೊರೆಯುವುದು ಸಹಜ. ಆದರೆ ಮಕ್ಕಳು ವಿಸ್ಮಯದಿಂದ ಕೇಳಿದಾಗ ಅವರು ಹೇಳಿದ್ದು ಬೇರೆ: “ನಾ ಏನೂ ಮಾಡಿಲ್ಲ, ಬೆಕ್ಕು ಮಾಡಿದ್ದು. ಇನ್ನೊಂದು ಕಪ್ಪು ತರಾಕ ನನಗ ಮನಸ್ಸು ಬರಲಿಲ್ಲ, ಅಷ್ಟ.” ಆ ‘ಅಷ್ಟ’ ಎಂಬುದರಲ್ಲಿ ಐವತ್ತು ಶ್ರಾವಣಗಳ ಕೇಳ್ಮೆ ಇತ್ತೋ ಇಲ್ಲವೋ, ಬಲ್ಲವರೇ ಬಲ್ಲರು. ಅಂದಿನಿಂದ ಸೂಲಗಿತ್ತಿ ಮುಂಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ಕೂರತೊಡಗಿದಳು. ಓಣಿಯ ಒಂದಿಬ್ಬರು ಆಯಿಯ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಅವರಲ್ಲಿ ಒಬ್ಬರು ಕೆಲವು ವರ್ಷಗಳ ನಂತರ ತಿರುಗಿ ಬಂದರು, ಮತ್ತೊಬ್ಬರು ಬರಲೇ ಇಲ್ಲ. 2006ರಲ್ಲಿ ಸೂಲಗಿತ್ತಿ ತೀರಿಕೊಂಡಾಗ 84ರ ಆಯಿ ಮೊಮ್ಮಗನ ಕೈ ಹಿಡಿದುಕೊಂಡು ಕೇರಿಗೆ ನಡೆದು ಹೋದರು. ಎಂಬತ್ತನಾಲ್ಕು ವರ್ಷಗಳಲ್ಲಿ ಅದೇ ಮೊದಲನೆಯ ಸಲ. ಅಂಗಳದಲ್ಲಿ ಬಹಳ ಹೊತ್ತು ಕುಳಿತಿದ್ದರು. ಒಳಗೆ ಕರೆದರೂ ಹೋಗಲಿಲ್ಲವೆಂದು ಆ ಮೊಮ್ಮಗ ಹೇಳುತ್ತಾನೆ. ಸಂಕೋಚವೋ, ಹಳೆಯ ಅಭ್ಯಾಸವೋ, ಅಥವಾ ಕರೆಸಿಕೊಳ್ಳುವ ಅಧಿಕಾರ ತನಗಿಲ್ಲವೆಂಬ ಅರಿವೋ, ಅವರು ಹೇಳಲಿಲ್ಲ.

ಮುಂದಿನ ವರ್ಷಗಳಲ್ಲಿ ಖಣಕ್ಕೆ ಗಿರಾಕಿ ಕಡಿಮೆಯಾಯಿತು, ಓಣಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಮೊಮ್ಮಕ್ಕಳು ಹುಬ್ಬಳ್ಳಿ, ಸೊಲ್ಲಾಪುರ, ಬೆಂಗಳೂರು ಸೇರಿದರು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದ ಸುದ್ದಿ ತಿಳಿದಾಗ ಆಯಿ, “ಅಪ್ಪಗಳು ನನಗಿಂತ ಹದಿನೈದು ವರ್ಷ ದೊಡ್ಡವರು. ಅಷ್ಟು ದಿನ ನನಗ ಬ್ಯಾಡ” ಎಂದಷ್ಟೇ ನುಡಿದರು.

ಅದೇ ವರ್ಷ ಆಗಸ್ಟಿನ ಎರಡನೆಯ ವಾರ, ಶ್ರಾವಣದಲ್ಲಿಯೇ, ಬೆಳಗಿನ ಪೂಜೆ ಮುಗಿಸಿ ಒರಗಿದವರು ಏಳಲಿಲ್ಲ. ಮಲಪ್ರಭೆ ಉಕ್ಕಿ ಹರಿಯುತ್ತಿದ್ದ ದಿನಗಳವು. ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿತ್ತು, ರಸ್ತೆಗಳು ಕಡಿದುಹೋಗಿದ್ದವು. ಹುಬ್ಬಳ್ಳಿಯವರೂ ಬರಲಾಗಲಿಲ್ಲ, ಬೆಂಗಳೂರಿನವರೂ ಬರಲಾಗಲಿಲ್ಲ. ಮನೆಯಲ್ಲಿದ್ದವರು 79 ವರ್ಷದ ಹಿರಿಯ ಮಗ, ಅವರ ಮಡದಿ, ಒಬ್ಬ ಮೊಮ್ಮಗ. ಓಣಿಯ ಹರೆಯದವರು ಅರ್ಧಕ್ಕರ್ಧ ದುಡಿಮೆಗೆಂದು ಊರು ಬಿಟ್ಟಿದ್ದರು. ಮಳೆಯಲ್ಲಿ ಹಾರೆ, ಗುದ್ದಲಿ ಹಿಡಿದು ಬಂದು ನಿಂತವರು ಸೂಲಗಿತ್ತಿಯ ಮಗ ಮತ್ತು ಮೊಮ್ಮಗ. ವಿಮಾನಕ್ಕೆ ಹೆಗಲು ಕೊಡುವ ಹೊತ್ತಿಗೆ ಒಬ್ಬ ಹಿರಿಯರು ಅನುಮಾನಿಸಿ ಏನನ್ನೋ ಹೇಳಹೊರಟರು. ಹಿರಿಯ ಮಗ ಅವರನ್ನು ತಡೆದು, “ಇವನವ್ವ ನನ್ನ ಎತ್ತಿಕೊಂಡಾಳ. ಇವ ನಮ್ಮವ್ವನ್ನ ಹೊರಲಿ” ಎಂದರು. ಮತ್ತೆ ಯಾರೂ ಮಾತಾಡಲಿಲ್ಲ.

ಸಮಾಧಿಯ ಕುಣಿಯಲ್ಲಿ ನೀರು ಒಸರುತ್ತಿತ್ತು. ಕೊಡದಿಂದ ಮೊಗೆದು ಹಾಕಿ, ವಿಭೂತಿ, ಬಿಲ್ವಪತ್ರೆಗಳನ್ನು ಹಾಸಿದರು. ಕುಳಿತ ಭಂಗಿಯಲ್ಲಿದ್ದ ದೇಹವನ್ನು ಮೇಲಿನಿಂದ ಮೂವರು ಮೆಲ್ಲನೆ ಇಳಿಬಿಟ್ಟರು. ಕೆಳಗೆ ಮೊಣಕಾಲು ಮಟ್ಟ ಕೆಸರಿನಲ್ಲಿ ನಿಂತು, ಎರಡೂ ಕೈಗಳನ್ನು ಚಾಚಿ ಆಯಿಯನ್ನು ಹಿಡಿದುಕೊಂಡವನು ಸೂಲಗಿತ್ತಿಯ ಮಗ.