ಮೀನುಗಾರರ ಬಾಗಿಲು

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ತುರ್ಕರ ಚರಿತ್ರೆ ಹೇಳುತ್ತಿದ್ದರೆ ತರಗತಿಯೊಳಗೇ ಕುದುರೆಗಳು ಓಡಿದಂತಾಗುತ್ತಿತ್ತು. 1683ರಲ್ಲಿ ಕಾರಾ ಮುಸ್ತಫಾ ಪಾಶಾನ ಸೈನ್ಯ ವಿಯೆನ್ನಾದ ಕೋಟೆಗೆ ಮುತ್ತಿಗೆ ಹಾಕಿ, ಗೆಲ್ಲಲಾಗದೆ ಹಿಂದಿರುಗಿತು ಎಂದಾಗ ಹುಡುಗರಿಗೆಲ್ಲ ಬೇಜಾರು. ಆ ಸೈನ್ಯ ಹೋದ ದಾರಿಯಲ್ಲಿ ಯಾವ ಊರುಗಳಿದ್ದವು, ಅಲ್ಲಿ ಯಾರು ವಾಸವಾಗಿದ್ದರು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂಥ ಒಂದು ಊರು ಹೈನ್‌ಬುರ್ಗ್. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ, ಸ್ಲೊವಾಕಿಯಾದ ಗಡಿಗೆ ತಾಗಿದಂತಿದೆ. ವಿಯೆನ್ನಾದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಒಂದು ಭಾನುವಾರ ತನ್ನ ಮಗಳನ್ನೂ ನನ್ನನ್ನೂ ರೈಲಿನಲ್ಲಿ ಅಲ್ಲಿಗೆ ಕರೆದೊಯ್ದ.

ಊರಿನ ಸುತ್ತ ಹದಿಮೂರನೇ ಶತಮಾನದ ಕೋಟೆಗೋಡೆ ಇನ್ನೂ ನಿಂತಿದೆ. ಸಲಾಹುದ್ದೀನನ ವಿರುದ್ಧ ಯುದ್ಧಕ್ಕೆ ಹೋಗಿ ಮರಳುತ್ತಿದ್ದ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಸೆರೆಹಿಡಿದವನು ಆಸ್ಟ್ರಿಯಾದ ಡ್ಯೂಕ್; ಅವನೂ ಕ್ರೈಸ್ತನೇ! ಆ ಬಿಡುಗಡೆಗೆ ಪಡೆದ ಹಣದಲ್ಲಿ ಒಂದು ಪಾಲು ಈ ಗೋಡೆಗೆ ಸೇರಿತೆನ್ನುತ್ತಾರೆ.

ನದಿಯ ಕಡೆ ಮೀನುಗಾರರ ಬಾಗಿಲಿದೆ. 1683ರ ಜುಲೈನಲ್ಲಿ ತುರ್ಕರ ಪಡೆ ಊರೊಳಗೆ ನುಗ್ಗಿದಾಗ ಜನ ಹೊಳೆ ದಾಟಿ ಬದುಕಿಕೊಳ್ಳೋಣವೆಂದು ಇತ್ತ ಓಡಿಬಂದರು. ಬಾಗಿಲು ಒಳಕ್ಕೆ ತೆರೆಯುವಂಥದು. ಹಿಂದಿನವರು ತಳ್ಳಿದಷ್ಟೂ ಮುಂದಿನವರಿಗೆ ಅದನ್ನು ಎಳೆಯಲು ಜಾಗವಿಲ್ಲದಾಯಿತು. ಆ ಇಕ್ಕಟ್ಟಿನ ಓಣಿಯಲ್ಲೇ ಅವರನ್ನು ಕಡಿದುಹಾಕಿದರು. ಓಣಿಗೆ ಇಂದಿಗೂ ‘ರಕ್ತದ ಓಣಿ’ ಎಂದೇ ಹೆಸರು.

ಅಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಹುಡುಗಿ ನನ್ನ ಕೈ ಹಿಡಿದು ಕೇಳಿದಳು: ‘ದಾದಾ, ಕೊಂದೋರು ನಮ್ಮೋರಾ?’

ಕತೆ ಬರೆಯುವ ನನಗೆ ಒಂದು ಮಾತೂ ಹೊಳೆಯಲಿಲ್ಲ. ಅಲ್ಲ ಎಂದರೆ ಉಸ್ತಾದರ ಪಾಠಕ್ಕೆ ನಾನು ಹಿಗ್ಗಿದ್ದು ಸುಳ್ಳಾಗಬೇಕು. ಹೌದು ಎಂದರೆ ನಾಳೆ ಇದೇ ದೇಶದ ಶಾಲೆಗೆ ಹೋಗಬೇಕಾದ ಮಗುವಿನ ತಲೆಗೆ ಮುನ್ನೂರು ವರ್ಷಗಳ ಹೆಣದ ಭಾರ ಹೊರಿಸಿದಂತೆ.

ಆ ಕೊಲೆಯಿಂದ ಉಳಿದವರಲ್ಲಿ ಥಾಮಸ್ ಹೈಡನ್ ಒಬ್ಬ, ಗಾಡಿಯ ಚಕ್ರ ಮಾಡುವವನು. ಅವನ ಮೊಮ್ಮಗನೇ ಸಂಗೀತಗಾರ ಜೋಸೆಫ್ ಹೈಡನ್. ಆರರ ವಯಸ್ಸಿನ ಸುಮಾರಿಗೆ ಇದೇ ಊರಿನ ಶಾಲಾಮಾಸ್ತರರೊಬ್ಬರ ಮನೆಯಲ್ಲಿದ್ದು ಹಾಡು ಕಲಿತ, ನಗಾರಿ ಬಾರಿಸಲೂ ಕಲಿತ. ಮುಂದೆ 1794ರಲ್ಲಿ ಲಂಡನ್ನಿನಲ್ಲಿ ನುಡಿಸಿದ ತನ್ನ ನೂರನೇ ಸಿಂಫನಿಯಲ್ಲಿ ಆತ ದೊಡ್ಡ ಡೋಲು, ತಾಳ, ತ್ರಿಕೋನಗಳನ್ನು ಬಳಸಿದ. ಇವುಗಳನ್ನು ಒಟ್ಟಿಗೆ ಬಾರಿಸುವ ಈ ರೀತಿ ತುರ್ಕರ ಸೈನ್ಯದ ವಾದ್ಯಮೇಳದ ಅನುಕರಣೆಯಾಗಿ ಯುರೋಪಿನಲ್ಲಿ ಬೆಳೆಯಿತು. ಅಜ್ಜ ಯಾವ ಸದ್ದಿಗೆ ನಡುಗಿದ್ದನೋ ಅದನ್ನು ಮೊಮ್ಮಗ ಸಂಗೀತಕ್ಕೆ ಸೇರಿಸಿಕೊಂಡ.

ವಾಪಸು ಬರುವಾಗ ಅಳಿಯ ಮೊಬೈಲಿನಲ್ಲಿ ಆ ಸಿಂಫನಿ ಹಾಕಿದ. ಡೋಲು ಬಂದ ಕೂಡಲೇ ಹುಡುಗಿ ಬೆಂಚಿನ ಮೇಲೆ ತಾಳ ಹಾಕತೊಡಗಿದಳು. ಆಗ ಹೇಳಿದೆ: ‘ಆ ಬಾಗಿಲ ಹಿಂದೆ ಸಿಕ್ಕಿಕೊಂಡಿದ್ರಲ್ಲ ಬೇಟಾ, ಅವರು ನಮ್ಮೋರು.’

ಅವಳಿಗೆ ಕೇಳಿಸಿತೋ ಇಲ್ಲವೋ. ಉಸ್ತಾದರು ಇದ್ದಿದ್ದರೆ ಅವರಿಗೂ ಒಮ್ಮೆ ಹೇಳಬೇಕಿತ್ತು.